ಸಿಟ್ರಿಕ್ ಆ್ಯಸಿಡ್–ಸೋಡಾ ಗ್ಯಾಸ್ ಕಿಟ್: ಹಾಕಿದ ಮೇಲೂ ಗಿಡ ಬೆಳೆಯದಿದ್ದರೆ

ಸಿಟ್ರಿಕ್ ಆ್ಯಸಿಡ್ ಮತ್ತು ಅಡುಗೆ ಸೋಡಾ ಬೆರೆಸಿ ಅಕ್ವೇರಿಯಂ ಗಿಡಗಳಿಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಕೊಡಲು ಬರುವ 2 ಲೀಟರಿನ ಸ್ಟೀಲ್ ಬಾಟಲಿ ಕಿಟ್‌ನ ವಿಮರ್ಶೆ ಇದು. ಪ್ರೆಶರ್ ಮೀಟರ್, ನೀಡಲ್ ವಾಲ್ವ್ (ಗ್ಯಾಸಿನ ಹರಿವನ್ನು ಸೂಕ್ಷ್ಮವಾಗಿ ಹೊಂದಿಸುವ ತಿರುಪು), ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್), ಬಬಲ್ ಕೌಂಟರ್ (ಗುಳ್ಳೆ ಎಣಿಸುವ ಸಾಧನ), ಸೆರಾಮಿಕ್ ಡಿಫ್ಯೂಸರ್ (ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಬಿಲ್ಲೆ) ಎಲ್ಲವೂ ಜೊತೆಗೇ ಬರುತ್ತವೆ. ವರ್ಷಗಟ್ಟಲೆ ಬಳಸಿದ ಮೇಲೆ ಹೇಳುವುದಾದರೆ ಬಾಟಲಿ ಗಟ್ಟಿ, ವಾಲ್ವ್ ಪರವಾಗಿಲ್ಲ, ಡಿಫ್ಯೂಸರ್ ಸುಮಾರು. ಐದಕ್ಕೆ ಮೂರೂವರೆ ಕೊಡಬಹುದು. ಕಿಟ್ ಹಾಕಿದರೂ ಗಿಡ ಹಾಗೇ ಇದೆ ಎಂದು ಕೈಚೆಲ್ಲುವವರು ಗೊಬ್ಬರಕ್ಕಿಂತ ಮೊದಲು ಮೀಟರಿನ ಮುಳ್ಳು ನೋಡಬೇಕು.

ದ್ರವರೂಪದ ಗ್ಯಾಸ್ ತುಂಬಿದ ಸಿಲಿಂಡರಿನಲ್ಲಿ ದ್ರವ ಮುಗಿಯುವ ತನಕ ಒತ್ತಡ ಇಳಿಯುವುದಿಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಸುಮಾರು 57 ಬಾರ್. ಈ ಬಾಟಲಿಯಲ್ಲಿ ಇರುವುದು ಬರೀ ಅನಿಲ. ಹಾಗಾಗಿ ದಿನದಿನಕ್ಕೂ ಒತ್ತಡ ಇಳಿಯುತ್ತಲೇ ಇರುತ್ತದೆ, ಗುಳ್ಳೆಗಳ ವೇಗವೂ ಅದರ ಜೊತೆ ಬದಲಾಗುತ್ತದೆ. ಒಮ್ಮೆ ಹೊಂದಿಸಿ ಮರೆತುಬಿಟ್ಟರೆ ಗಿಡಕ್ಕೆ ಒಂದು ವಾರ ಹೊಟ್ಟೆ ತುಂಬ, ಮುಂದಿನ ವಾರ ಅರೆಹೊಟ್ಟೆ. ಬೆಳವಣಿಗೆ ನಿಲ್ಲುತ್ತದೆ, ಎಲೆಯಂಚಿಗೆ ಕಪ್ಪು ಕೂದಲಿನಂಥ ಪಾಚಿ ಹತ್ತುತ್ತದೆ. ಎರಡು ಮೂರು ದಿನಕ್ಕೊಮ್ಮೆ ಗುಳ್ಳೆ ಎಣಿಸಿ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸುವುದೇ ಇದಕ್ಕಿರುವ ಉಪಾಯ. ತಿರುಗಿಸಿದ ತಕ್ಷಣ ಫಲ ಕಾಣುವುದಿಲ್ಲ, ಕೆಲವು ನಿಮಿಷ ಕಾದು ಮತ್ತೆ ಎಣಿಸಬೇಕು.

ಆದರೆ ಗುಳ್ಳೆಯ ಲೆಕ್ಕ ವೇಗವನ್ನು ಹೇಳುತ್ತದೆಯೇ ಹೊರತು ನೀರಿನಲ್ಲಿ ಎಷ್ಟು ಕರಗಿತು ಎಂದು ಹೇಳುವುದಿಲ್ಲ. ಅದಕ್ಕೆ ಪಿಎಚ್ (ನೀರಿನ ಆಮ್ಲೀಯತೆಯ ಅಳತೆ) ನೋಡಿ, ಗ್ಯಾಸ್ ಕರಗಿದಷ್ಟೂ ಅದು ಇಳಿಯುತ್ತದೆ. ಟ್ಯಾಂಕಿನ ಒಂದು ಲೋಟ ನೀರನ್ನು, ಕರಗಿದ ಗ್ಯಾಸ್ ಹೊರಹೋಗಲೆಂದು, 24 ಗಂಟೆ ತೆರೆದಿಟ್ಟು ಪಿಎಚ್ ಅಳೆಯಿರಿ. ಮರುದಿನ ಲೈಟ್ ಹೊತ್ತಿಕೊಳ್ಳುವ ಹೊತ್ತಿಗೆ ಟ್ಯಾಂಕಿನ ನೀರಿನ ಪಿಎಚ್ ಅದಕ್ಕಿಂತ 1 ಅಂಕ ಕೆಳಗಿದ್ದರೆ ಗ್ಯಾಸ್ 30 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ಆಸುಪಾಸಿನಲ್ಲಿದೆ. 7.6 ಇದ್ದದ್ದು 7.3ಕ್ಕೆ ನಿಂತಿದ್ದರೆ ಅದು ಸಾಲದು. ಸೊಲೆನಾಯ್ಡ್ ಟೈಮರನ್ನು ಲೈಟಿಗಿಂತ ಒಂದೆರಡು ಗಂಟೆ ಮೊದಲೇ ಹಾಕುವುದು ಲೈಟ್ ಹೊತ್ತುವಷ್ಟರಲ್ಲಿ ಗ್ಯಾಸ್ ಕರಗಿರಲಿ ಎಂದೇ. ಡ್ರಾಪ್ ಚೆಕರ್ (ಬಣ್ಣದಿಂದ ಗ್ಯಾಸಿನ ಮಟ್ಟ ತೋರಿಸುವ ಪುಟ್ಟ ಗಾಜಿನ ಸಾಧನ) ಇಡುವುದಾದರೆ ಒಳಗೆ 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ದ್ರಾವಣವೇ ಇರಲಿ, ಟ್ಯಾಂಕಿನ ನೀರು ಬೇಡ. ಗ್ಯಾಸ್ ಸರಿಯಿದೆ ಎನ್ನುವ ಅದರ ಹಸಿರು ಬಣ್ಣ ತೋರಿಸುವುದು ಒಂದೆರಡು ಗಂಟೆ ಹಿಂದಿನ ಸ್ಥಿತಿಯನ್ನು. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಬಣ್ಣ ನೋಡುತ್ತ ಕೂರದೆ ಗ್ಯಾಸ್ ನಿಲ್ಲಿಸಿ ಏರ್ ಪಂಪ್ ಹಾಕಿ.

ಪಿಎಚ್ ಸರಿಯಿದ್ದೂ ಒಂದು ಮೂಲೆಯ ಗಿಡ ಮಾತ್ರ ಸೊರಗಿದೆಯೇ? ಅಲ್ಲಿಗೆ ನೀರಿನ ಹರಿವು ಮುಟ್ಟುತ್ತಿಲ್ಲ. ಡಿಫ್ಯೂಸರನ್ನು ಫಿಲ್ಟರ್ ನೀರು ಬೀಳುವ ಜಾಗದ ಕೆಳಗೆ, ತಳಕ್ಕೆ ಹತ್ತಿರ ಇಡಿ. ಸಣ್ಣ ಗುಳ್ಳೆಗಳು ನೇರ ಮೇಲೇರದೆ ಟ್ಯಾಂಕಿನ ಉದ್ದಕ್ಕೂ ಸಾಗಬೇಕು. ಕಿಟ್ಟಿನ ಸೆರಾಮಿಕ್ ಬಿಲ್ಲೆ ಬೇಗ ಪಾಚಿ ಕಟ್ಟುತ್ತದೆ, ಗುಳ್ಳೆ ಒಂದೇ ಬದಿಯಿಂದ ದಪ್ಪಗೆ ಬರತೊಡಗುತ್ತದೆ. ಆಗ ಅದನ್ನು ಹೊರತೆಗೆದು, ನೀರು ಬೆರೆಸಿದ ಬ್ಲೀಚಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ದ್ರವ ಹಾಕಿದ ನೀರಿನಲ್ಲಿ ಅದ್ದಿಟ್ಟು ಮತ್ತೆ ಹಾಕಿ.

ಇಷ್ಟಾದ ಮೇಲೆ ಗೊಬ್ಬರದ ಮಾತು. ಗ್ಯಾಸ್ ಹೆಚ್ಚಿದಂತೆ ಗಿಡದ ಹಸಿವೂ ಹೆಚ್ಚುತ್ತದೆ. ಅಲ್ಲಿಯವರೆಗೆ ಸಾಲುತ್ತಿದ್ದ ನೈಟ್ರೇಟ್ ಈಗ ಸಾಲುವುದಿಲ್ಲ. ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕ, ಹಳೆಯ ಎಲೆಯಲ್ಲಿ ಸೂಜಿಯಿಂದ ಚುಚ್ಚಿದಂತೆ ತೂತು ಬಿದ್ದರೆ ಪೊಟ್ಯಾಸಿಯಂ, ಹೊಸ ಚಿಗುರು ಬಿಳಿಚಿಕೊಂಡರೆ ಕಬ್ಬಿಣ ಎಂದು ಮೊದಲು ಅನುಮಾನಿಸಿ. 100 ಲೀಟರ್ ನೀರಿಗೆ 1 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಹಾಕಿದರೆ ನೈಟ್ರೇಟ್ 6 ಪಿಪಿಎಂ, ಪೊಟ್ಯಾಸಿಯಂ ಸುಮಾರು 4 ಪಿಪಿಎಂ ಏರುತ್ತದೆ. ಹಾಳಾದ ಎಲೆ ಮತ್ತೆ ಸರಿಹೋಗುವುದಿಲ್ಲ. ಎರಡು ಮೂರು ವಾರ ಬಿಟ್ಟು ಹೊಸ ಎಲೆ ನೋಡಿ ತೀರ್ಮಾನಿಸಿ. ಲೈಟ್ ದಿನಕ್ಕೆ 6ರಿಂದ 8 ಗಂಟೆ ಸಾಕು. ಅನುಬಿಯಾಸ್, ಜಾವಾ ಫರ್ನ್ ಮಾತ್ರ ಇರುವ ಟ್ಯಾಂಕಿಗೆ ಈ ಕಿಟ್ಟೇ ಬೇಡ, ಅವುಗಳ ಗೆಡ್ಡೆಯಂಥ ಕಾಂಡವನ್ನು ಮಣ್ಣಿನಲ್ಲಿ ಹೂಳದಿದ್ದರೆ ಸಾಕು.

ಬಾಟಲಿ ತುಂಬಲು ಸಾಮಾನ್ಯವಾಗಿ ಹೇಳುವ ಅಳತೆ 200 ಗ್ರಾಂ ಸಿಟ್ರಿಕ್ ಆ್ಯಸಿಡ್, 200 ಗ್ರಾಂ ಅಡುಗೆ ಸೋಡಾ, 300 ಮಿಲಿಲೀಟರ್ ನೀರು. ಲೆಕ್ಕ ಹಾಕಿದರೆ 200 ಗ್ರಾಂ ಸೋಡಾಕ್ಕೆ ಬೇಕಾಗುವುದು ಸುಮಾರು 152 ಗ್ರಾಂ ಆ್ಯಸಿಡ್, ಹೊರಬರುವ ಗ್ಯಾಸ್ 105 ಗ್ರಾಂ. ಉಳಿದ ಆ್ಯಸಿಡ್ ದಂಡ. 160 ಗ್ರಾಂ ಧಾರಾಳವಾಯಿತು. ಆದರೆ ಇದನ್ನೇ ನೆಪ ಮಾಡಿಕೊಂಡು ಸೋಡಾ ಹೆಚ್ಚಿಸಬೇಡಿ, ಒತ್ತಡ ಏರುತ್ತದೆ. ಬಾಟಲಿಯನ್ನು ಯಾವತ್ತೂ ಮಲಗಿಸಬಾರದು, ಒಳಗಿನ ದ್ರಾವಣ ಮೇಲಿನ ರೆಗ್ಯುಲೇಟರಿಗೆ (ಮೀಟರ್, ವಾಲ್ವ್ ಇರುವ ತಲೆಭಾಗ) ನುಗ್ಗಿದರೆ ನೀಡಲ್ ವಾಲ್ವ್ ಕಟ್ಟಿಕೊಳ್ಳುತ್ತದೆ.

60 ಲೀಟರಿನ ಟ್ಯಾಂಕಿಗೆ ಒಮ್ಮೆ ತುಂಬಿದ್ದು ಹೆಚ್ಚುಕಮ್ಮಿ ಒಂದು ತಿಂಗಳು ಬರಬೇಕು. ವಾರದಲ್ಲೇ ಮುಗಿದರೆ ಬಾಯಿಯ ಓ-ರಿಂಗ್ ಮತ್ತು ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ, ನೊರೆ ಉಬ್ಬಿದಲ್ಲಿ ಸೋರಿಕೆ. ಮತ್ತೆ ತುಂಬುವಾಗ ಮೀಟರ್ ಸೊನ್ನೆಗೆ ಬಂದಿದೆಯೆಂದು ಖಾತ್ರಿ ಮಾಡಿಕೊಂಡೇ ಬಾಟಲಿಯ ತಲೆಭಾಗ ಬಿಚ್ಚಿ. ಟ್ಯಾಂಕ್ 100 ಲೀಟರ್ ದಾಟಿದರೆ ಈ ಕಿಟ್ ಬಿಟ್ಟು ನೇರ ಗ್ಯಾಸ್ ಸಿಲಿಂಡರಿಗೇ ಹೋಗಿ.