ಬಾಕಿ ಲಿಸ್ಟ್ ಖಾಲಿ ಬಂತಾ? ಖುಷಿಪಡಬೇಡಿ

ಐಸ್ ಪ್ಲಾಂಟ್, ಬಲೆ ಅಂಗಡಿ, ಡೀಸೆಲ್ ಬಂಕ್, ಯಾವುದೇ ಇರಲಿ. ಬೋಟಿನವರಿಗೆ ಸಾಲದಲ್ಲಿ ಮಾಲು ಕೊಟ್ಟು, ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡಿಸಿದ್ದರೆ ಇದನ್ನು ಓದಿ.

ಮಲ್ಪೆಯಲ್ಲಿ ನಮ್ಮ ಭಾವನದು ಐಸ್ ಪ್ಲಾಂಟ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ ಅಲ್ವಾ, ಹಾಗಾಗಿ ಮೇ ಕೊನೆಗೆ ಎಲ್ಲರ ಲೆಕ್ಕ ಚುಕ್ತಾ ಆಗಬೇಕು. ಆಮೇಲೆ ಹುಡುಕಿದರೂ ಜನ ಸಿಗುವುದಿಲ್ಲ. ಈ ಸಲ ಒಬ್ಬರ ಹತ್ತಿರ ಸಾಫ್ಟ್‌ವೇರ್ ಬರೆಸಿದ್ದರು. ‘ಏನೂ ಕಟ್ಟದ ಬೋಟುಗಳು’ ಎಂಬ ಬಟನ್ ಒತ್ತಿದರೆ ಲಿಸ್ಟ್ ಖಾಲಿ. ಎರರ್ ಇಲ್ಲ, ಏನಿಲ್ಲ. ಭಾವ ನಂಬಿಯೇ ಬಿಟ್ಟರು. ನನಗೆ ಡೌಟ್ ಬಂದು ಒಳಗಿನ ಕ್ವೆರಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ, ತೆಗೆದು ನೋಡಿದೆ.

ಯಾವ ಬೋಟಿನ ನಂಬರ್ ರಶೀದಿ ಟೇಬಲ್‌ನಲ್ಲಿ ಇಲ್ಲವೋ ಅವನ್ನು ‘ನಾಟ್ ಇನ್’ (ಅದರಲ್ಲಿ ಇಲ್ಲ) ಹಾಕಿ ಹುಡುಕಿದ್ದರು. ಓದಲು ಚಂದವೇ ಇದೆ. ಆದರೆ ಯಾರೋ ಕೌಂಟರ್‌ನಲ್ಲಿ ದುಡ್ಡು ಕೊಟ್ಟು ಹೋದಾಗ, ಬೋಟ್ ನಂಬರ್ ಆಮೇಲೆ ಹಾಕಿದರಾಯಿತು ಎಂದು ಒಂದು ರಶೀದಿಯಲ್ಲಿ ಆ ಕಾಲಂ ಬಿಟ್ಟಿದ್ದರು. ಅಲ್ಲಿ ಕೂತದ್ದು ನಲ್. ಅದು ಸೊನ್ನೆ ಅಲ್ಲ, ‘ಗೊತ್ತಿಲ್ಲ’ ಎಂಬ ಗುರುತು. 103ನೇ ಬೋಟ್ ಪಟ್ಟಿಯಲ್ಲಿ ಇಲ್ಲ ತಾನೇ ಎಂದು ಕೇಳಿದರೆ, ಆ ಗೊತ್ತಿಲ್ಲದ್ದು 103 ಆಗಿರಲೂಬಹುದು ಎಂದು ಡೇಟಾಬೇಸ್ ಕೈ ಎತ್ತುತ್ತದೆ. ಕ್ವೆರಿಯಲ್ಲಿ ಷರತ್ತು ಹಾಕುವ ‘ವೇರ್’, ಖಂಡಿತ ಹೌದು ಎನ್ನುವ ಸಾಲುಗಳನ್ನು ಮಾತ್ರ ಒಳಗೆ ಬಿಡುತ್ತದೆ. ಹಾಗಾಗಿ ಒಂದೇ ಒಂದು ನಲ್ ಸಾಕು, ಇಡೀ ಉತ್ತರ ಮಾಯ. ಅದರ ಬದಲು ‘ನಾಟ್ ಎಕ್ಸಿಸ್ಟ್ಸ್’ (ಈ ಬೋಟಿನ ರಶೀದಿ ಒಂದೂ ಇಲ್ಲ) ಎಂದು ಬರೆದ ಕೂಡಲೇ ಬೋಟುಗಳ ಹೆಸರು ಸಾಲಾಗಿ ಬಂದವು.

ಬಾಕಿ ಮೊತ್ತದ ರಿಪೋರ್ಟ್ ಇನ್ನೂ ಮಜಾ ಮಾರಾಯ್ರೆ. ಒಂದು ಬೋಟಿಗೆ ಮೂರು ಬಿಲ್: 4,000, 4,000, 6,000. ಅವರು ಕಟ್ಟಿದ್ದು ಎರಡು ಸಲ, 5,000 ಮತ್ತು 5,000. ಬಾಕಿ 4,000 ಎಂದು ಮಕ್ಕಳೂ ಹೇಳುತ್ತಾರೆ. ರಿಪೋರ್ಟ್ ಪ್ರಕಾರ ಭಾವನೇ ಅವರಿಗೆ 2,000 ಕೊಡಬೇಕು! ಬಿಲ್ ಮತ್ತು ರಶೀದಿ ಎರಡನ್ನೂ ಬೋಟ್ ನಂಬರ್ ಮೇಲೆ ನೇರವಾಗಿ ಜಾಯಿನ್ ಮಾಡಿದ್ದರು, ಅಂದರೆ ಜೋಡಿಸಿದ್ದರು. ಪ್ರತಿ ಬಿಲ್ಲಿಗೂ ಪ್ರತಿ ರಶೀದಿ ಅಂಟಿಕೊಂಡು ಆರು ಸಾಲು ಆಯಿತು. ಬಿಲ್ ಮೊತ್ತ ಡಬಲ್ ಆಗಿ 28,000, ಕಟ್ಟಿದ್ದು ಮೂರು ಪಟ್ಟಾಗಿ 30,000.

ಫೋನ್ ಮಾಡಿದರೆ ಸಾಫ್ಟ್‌ವೇರ್ ಬರೆದವರು ‘ಡಿಸ್ಟಿಂಕ್ಟ್’ (ಒಂದೇ ಥರದ್ದನ್ನು ಒಮ್ಮೆ ಮಾತ್ರ ಹಿಡಿಯುವುದು) ಸೇರಿಸಿ ಕಳಿಸಿದರು. ಈಗ ಬಾಕಿ 5,000. ಯಾಕೆಂದರೆ ಒಂದೇ ಮೊತ್ತದ ಎರಡು ಬಿಲ್‌ಗಳಲ್ಲಿ ಒಂದು ಹೋಯಿತು, ರಶೀದಿಯಲ್ಲೂ ಒಂದು ಹೋಯಿತು. ಎಲ್ಲಿ ಸಾಲು ಜಾಸ್ತಿ ಆದರೂ ಸುಮ್ನೆ ಡಿಸ್ಟಿಂಕ್ಟ್ ತುರುಕುವವರನ್ನು ನಾನಂತೂ ನಂಬುವುದಿಲ್ಲ. ಬಿಲ್ಲುಗಳನ್ನು ಬೋಟ್‌ವಾರು ಮೊದಲೇ ಕೂಡಿಸಬೇಕು, ರಶೀದಿಗಳನ್ನೂ ಬೇರೆಯಾಗಿ ಕೂಡಿಸಬೇಕು, ಆಮೇಲೆ ಲೆಫ್ಟ್ ಜಾಯಿನ್, ಅಂದರೆ ರಶೀದಿ ಇಲ್ಲದ ಬೋಟನ್ನೂ ಬಿಡದ ಜೋಡಣೆ. ಏನೂ ಕಟ್ಟದವರ ರಶೀದಿ ಮೊತ್ತ ನಲ್ ಬರುತ್ತದೆ. ಅದನ್ನು ‘ಕೋಅಲೆಸ್’ ಹಾಕಿ ಸೊನ್ನೆ ಮಾಡದಿದ್ದರೆ ಅವರ ಬಾಕಿಯೂ ನಲ್.

ತಾರೀಕಿನಲ್ಲೂ ಪೆಟ್ಟು ಬಿದ್ದಿತ್ತು. ಮೇ ತಿಂಗಳ ರಿಪೋರ್ಟ್‌ಗೆ 1ರಿಂದ 31ರವರೆಗೆ ‘ಬಿಟ್ವೀನ್’ ಹಾಕಿದ್ದರು. ಕಾಲಂನಲ್ಲಿ ಗಂಟೆ, ನಿಮಿಷವೂ ಇತ್ತು. ಬರೀ 31 ಎಂದರೆ ಆ ದಿನ ಶುರುವಾಗುವ ರಾತ್ರಿ 12 ಗಂಟೆ ಎಂದು ಲೆಕ್ಕ, ಹಾಗಾಗಿ ಸೀಸನ್ನಿನ ಕೊನೆಯ ದಿನವೇ ಹೊರಗೆ. ‘ಜೂನ್ 1ಕ್ಕಿಂತ ಕಡಿಮೆ’ ಎಂದು ಬರೆದರೆ ಈ ತಲೆನೋವು ಇಲ್ಲ.

ನೀವು ಮಾಡಿಸುವಾಗ ಪೂರ್ತಿ ದುಡ್ಡು ಕೊಡುವ ಮೊದಲು ಸಾಫ್ಟ್‌ವೇರ್ ಬರೆದವರ ಎದುರೇ ಕೂತು ಒಂದಿಷ್ಟು ಸುಳ್ಳು ಎಂಟ್ರಿ ಹಾಕಿಸಿ. ಏನೂ ಕಟ್ಟದ ಬೋಟ್, ನಂಬರ್ ಇಲ್ಲದ ರಶೀದಿ, ಒಂದೇ ಮೊತ್ತದ ಎರಡು ಬಿಲ್, ತಿಂಗಳ ಕೊನೆಯ ದಿನ ಸಂಜೆಯ ವ್ಯಾಪಾರ. ಕಾಗದದಲ್ಲಿ ಕೂಡಿಸಿದ್ದಕ್ಕೂ ಸ್ಕ್ರೀನಿನಲ್ಲಿ ಬಂದದ್ದಕ್ಕೂ ತಾಳೆ ನೋಡಿ. ‘ಕ್ವೆರಿ ಓಡ್ತದಲ್ಲ, ಎರರ್ ಇಲ್ಲ’ ಎಂದರೆ ಒಪ್ಪಬೇಡಿ. ನಮಗೂ ಹಾಗೇ ಹೇಳಿದ್ದರು. ಈಗ ತಿದ್ದಿಕೊಡಲು ಬೇರೆ ಚಾರ್ಜ್ ಅಂತೆ. ಭಾವ ಇನ್ನೂ ಕೊಟ್ಟಿಲ್ಲ.