ಪೋಲೆಂಡ್ ಜೆರ್ಸಿ, ನಂಬರ್ 9, ಲಿಯೋನ್: ಬಟ್ಟೆ ಚೆನ್ನಾಗಿದೆ, ಬರೆದಿರುವ ಕಥೆ ತಪ್ಪು

ಮೊದಲೇ ಹೇಳಿಬಿಡುತ್ತೇನೆ, ಜೆರ್ಸಿ ತಗೊಳ್ಳಬಹುದು. 799 ರೂಪಾಯಿಗೆ ವಿಲ್ಫ್ರೆಡೊ ಲಿಯೋನ್‌ನಂಥ ವಾಲಿಬಾಲ್ ಆಟಗಾರನ ಹೆಸರಿರುವ ಜೆರ್ಸಿ ನಮ್ಮಲ್ಲಿ ಸಿಗುವುದೇ ದೊಡ್ಡದು, ಎಲ್ಲಿ ನೋಡಿದರೂ ಮೆಸ್ಸಿ, ರೊನಾಲ್ಡೊ, ಕೊಹ್ಲಿ ಅಲ್ವಾ. ಆದರೆ ಎರಡು ವಿಷಯದಲ್ಲಿ ಹುಷಾರು. ಸೈಜು ಒಂದು ನಂಬರ್ ಚಿಕ್ಕದು. ಇನ್ನೊಂದು, ಅಂಗಡಿಯವರು ಪೇಜಿನಲ್ಲಿ ಈ ಆಟಗಾರನ ಬಗ್ಗೆ ಬರೆದಿರುವುದು ಬಹುಪಾಲು ಸುಳ್ಳು. ಅಂಗಡಿಯ ಹೆಸರು ಹಾಕುವುದಿಲ್ಲ, ಆನ್‌ಲೈನ್‌ನಲ್ಲಿ ಇಂಥದ್ದನ್ನು ಮಾರುವವರು ಬೇಕಾದಷ್ಟು ಜನ ಇದ್ದಾರೆ, ಎಲ್ಲರ ಪೇಜಿನಲ್ಲೂ ಅದೇ ಫೋಟೊ, ಅದೇ ಬರಹ.

ಬಟ್ಟೆ ಡಾಟ್ ನಿಟ್, ಅಂದರೆ ಸಣ್ಣ ಸಣ್ಣ ಚುಕ್ಕಿಯ ನೇಯ್ಗೆಯದ್ದು. ನಮ್ಮ ಊರುಗಳ ಹೊನಲು ಬೆಳಕಿನ ಪಂದ್ಯಾಟಕ್ಕೆ ತಂಡಗಳು ಹೊಲಿಸುತ್ತವಲ್ಲ, ಅದೇ ಬಟ್ಟೆ, ಸ್ವಲ್ಪ ದಪ್ಪ. ಬೆವರಿದರೆ ಮೈಗೆ ಅಂಟುವುದಿಲ್ಲ, ಒಗೆದರೆ ಬೇಗ ಒಣಗುತ್ತದೆ. ಹೆಸರು, ನಂಬರು ಸಬ್ಲಿಮೇಷನ್ ಪ್ರಿಂಟ್, ಅಂದರೆ ಬಣ್ಣ ಬಟ್ಟೆಯೊಳಗೇ ಇಳಿದಿರುತ್ತದೆ, ಆದ್ದರಿಂದ ಸುಲಿದು ಬರುವ ಭಯ ಇಲ್ಲ. ಕಂಕುಳ ಹತ್ತಿರ ಬಿಗಿ. ಸರ್ವ್ ಮಾಡಲು ಕೈ ಎತ್ತಿದರೆ ಇಡೀ ಜೆರ್ಸಿ ಹೊಟ್ಟೆ ಬಿಟ್ಟು ಮೇಲೆ ಬರುತ್ತದೆ, ಆಡುವವರಿಗೆ ಇದು ಕಿರಿಕಿರಿ. ಎದೆಯ ಮೇಲಿನ ಲಾಂಛನ ಮಾತ್ರ ಬೇರೆಯಾಗಿ ಅಂಟಿಸಿದ್ದು, ಅದರ ಒಂದು ತುದಿ ಆಗಲೇ ಎದ್ದಿದೆ. ಪೋಲೆಂಡಿನ ಲಾಂಛನ ಅಂದರೆ ಕೆಂಪು ಗುರಾಣಿಯ ಮೇಲೆ ಬಿಳಿ ಹದ್ದು, ಹದ್ದಿನ ತಲೆಗೆ ಚಿನ್ನದ ಕಿರೀಟ. ಇವರ ಹದ್ದಿಗೆ ಕಿರೀಟವೇ ಇಲ್ಲ. ಕಮ್ಯುನಿಸ್ಟ್ ಸರ್ಕಾರ ಇದ್ದಾಗ ಪೋಲೆಂಡಿನವರೇ ಆ ಕಿರೀಟ ತೆಗೆದುಹಾಕಿದ್ದರು, ಆ ಸರ್ಕಾರ ಹೋದಮೇಲೆ ವಾಪಸ್ ಬಂತು. ಅಂಗಡಿಯವರು ಇತಿಹಾಸ ಓದಿ ತೆಗೆದದ್ದು ಅನಿಸುವುದಿಲ್ಲ, ಸುಮ್ನೆ ಯಾವುದೋ ಹಳೆಯ ಚಿತ್ರ ಎತ್ತಿ ಹಾಕಿದ್ದಾರೆ.

ಈಗ ಆ ಬರಹ. ವಿಲ್ಫ್ರೆಡೊ ಲಿಯೋನ್ ಪೋಲೆಂಡಿನ ಹೆಮ್ಮೆಯ ಮಗನಂತೆ, ವಿಶ್ವ ಚಾಂಪಿಯನ್ ಅಂತೆ, ಒಲಿಂಪಿಕ್ ಚಿನ್ನ ಗೆದ್ದವನಂತೆ. ಓದಿ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಯಾಕೆಂದರೆ ಈ ಜೆರ್ಸಿ ಅವನ ಮೈಮೇಲೆ ಬಂದ ಕಥೆ ಈ ಸುಳ್ಳಿಗಿಂತ ಚೆನ್ನಾಗಿದೆ.

ಲಿಯೋನ್ ಹುಟ್ಟಿದ್ದು 1993ರಲ್ಲಿ, ಕ್ಯೂಬಾದ ಸಾಂಟಿಯಾಗೊ ಊರಿನಲ್ಲಿ. ತಾಯಿ ಅಲೀನಾ ವಾಲಿಬಾಲ್ ಆಡುತ್ತಿದ್ದವರು. 14ನೇ ವಯಸ್ಸಿಗೇ ಹುಡುಗ ಕ್ಯೂಬಾದ ದೊಡ್ಡವರ ತಂಡದಲ್ಲಿದ್ದ. ನಮ್ಮಲ್ಲಿ ಆ ವಯಸ್ಸಿಗೆ ತಾಲೂಕು ಮಟ್ಟದ ಶಾಲಾ ಪಂದ್ಯಕ್ಕೆ ಹೋಗುವುದೇ ದೊಡ್ಡ ಸುದ್ದಿ. 2010ರಲ್ಲಿ ಇಟಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕ್ಯೂಬಾ ಫೈನಲ್‌ವರೆಗೆ ಹೋಯಿತು, ಬ್ರೆಜಿಲ್ ಎದುರು 3-0 ಸೋತಿತು, ಆಗ ಇವನಿಗೆ 17 ವರ್ಷ. ಬೆಳ್ಳಿ. ಎರಡು ವರ್ಷದ ನಂತರ ವರ್ಲ್ಡ್ ಲೀಗ್‌ನಲ್ಲಿ ಕಂಚು. 2013ರಲ್ಲಿ ತಂಡ ಬಿಟ್ಟ.

ಬಿಟ್ಟಿದ್ದು ಯಾಕೆ ಎಂದು ಕೇಳುವವರಿಗೆ: ಆಗ ಕ್ಯೂಬಾದಲ್ಲಿ ರಾಷ್ಟ್ರೀಯ ತಂಡದಲ್ಲಿದ್ದುಕೊಂಡೇ ಹೊರದೇಶದ ಕ್ಲಬ್‌ನಲ್ಲಿ ದುಡಿಯಲು ಬಿಡುತ್ತಿರಲಿಲ್ಲ. ಹೋದರೆ ತಂಡದ ಬಾಗಿಲು ಮುಚ್ಚಿದ ಹಾಗೆ, ಮೇಲೆ ಎರಡು ವರ್ಷ ಎಲ್ಲೂ ಆಡದೆ ಕೂರಬೇಕು. ಕ್ಯೂಬಾದವನೇ ಆದ ಉಸ್ಮಾನಿ ಹ್ವಾಂತೊರೇನಾ ಇದೇ ದಾರಿಯಲ್ಲಿ ಹೋಗಿ ಇಟಲಿಗೆ ಆಡಿದ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ. ಅಲ್ಲಿಯವನೇ ಆದ ಯೋಆಂಡಿ ಲೆಯಾಲ್ ಬ್ರೆಜಿಲ್‌ಗೆ ಆಡಿದ. ಈ ಮೂವರೂ ಒಂದೇ ತಂಡದಲ್ಲಿ ಉಳಿದಿದ್ದರೆ ಕ್ಯೂಬಾ ಎಷ್ಟು ಗೆಲ್ಲುತ್ತಿತ್ತೋ, ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಪೋಲೆಂಡ್ ಹೇಗೆ ಬಂತು ಅಂದರೆ, ಪ್ರೀತಿಸಿದ ಹುಡುಗಿ ಅಲ್ಲಿಯವಳು. 2015ರ ಜುಲೈನಲ್ಲಿ ಪೌರತ್ವ ಸಿಕ್ಕಿತು. ಜೆರ್ಸಿ ಸಿಗಲಿಲ್ಲ! ಪಾಸ್‌ಪೋರ್ಟ್ ಇದ್ದರೆ ಸಾಲದು, ಅಂತಾರಾಷ್ಟ್ರೀಯ ವಾಲಿಬಾಲ್ ಫೆಡರೇಷನ್ ಒಪ್ಪಬೇಕು, ಒಪ್ಪಿದ ಮೇಲೂ ಎರಡು ವರ್ಷ ಕಾಯಬೇಕು. ಅದೆಲ್ಲ ಮುಗಿದದ್ದು 2019ರ ಜುಲೈ 24ಕ್ಕೆ. ಅಂದರೆ ಸುಮಾರು 20ರಿಂದ 26ರ ವಯಸ್ಸಿನವರೆಗೆ, ಒಬ್ಬ ಅಟ್ಯಾಕರ್ ಅತಿ ಎತ್ತರ ಹಾರುವ ವಯಸ್ಸಿನಲ್ಲಿ, ಇವನಿಗೆ ಯಾವ ದೇಶದ ಜೆರ್ಸಿಯೂ ಇರಲಿಲ್ಲ. ಅದೇ ಹೊತ್ತಿನಲ್ಲಿ ರಷ್ಯಾದ ಜೆನಿತ್ ಕಜಾನ್ ಕ್ಲಬ್‌ನಲ್ಲಿದ್ದುಕೊಂಡು 2015, 2016, 2017, 2018, ನಾಲ್ಕು ವರ್ಷ ಬಿಡದೆ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದ. ರಿಯೊ ಒಲಿಂಪಿಕ್ಸ್ ನಡೆಯುವಾಗ ಜಗತ್ತಿನ ಬಹುಶಃ ಅತ್ಯುತ್ತಮ ಆಟಗಾರ ಟೀವಿ ಮುಂದೆ ಕೂತಿದ್ದ. ಈ ಜೆರ್ಸಿ ಮಾರುವವರು ಬರೆಯಬೇಕಾದ್ದು ಇದನ್ನು.

ವಿಶ್ವ ಚಾಂಪಿಯನ್ ಎನ್ನುವ ತಪ್ಪು ಎಲ್ಲಿಂದ ಬಂತು ಎಂದು ಊಹಿಸಬಹುದು. ಪೋಲೆಂಡ್ 2014ರಲ್ಲೂ ಗೆದ್ದಿದೆ, 2018ರಲ್ಲೂ ಗೆದ್ದಿದೆ. ಎರಡರಲ್ಲೂ ಲಿಯೋನ್ ಇರಲಿಲ್ಲ, ಇರಲು ಸಾಧ್ಯವೇ ಇರಲಿಲ್ಲ. 2014ರದ್ದು ಅವರ ದೇಶದಲ್ಲೇ ನಡೆಯಿತು, ಮೊದಲ ಪಂದ್ಯವನ್ನು ವಾರ್ಸಾದ ಫುಟ್‌ಬಾಲ್ ಸ್ಟೇಡಿಯಂನಲ್ಲಿ 60 ಸಾವಿರಕ್ಕೂ ಜಾಸ್ತಿ ಜನ ನೋಡಿದರು. ವಾಲಿಬಾಲ್‌ಗೆ! ಅಲ್ಲಿ ಈ ಆಟ ಅಂದರೆ ಹಬ್ಬ. ಅಂಥ ಕಡೆ, ಎರಡು ಸಲ ಸತತ ಗೆದ್ದ ತಂಡಕ್ಕೆ, ಹೊರಗಿನಿಂದ ಒಬ್ಬ ಬಂದರೆ ಎಲ್ಲರೂ ಹೂಹಾರ ಹಾಕುತ್ತಾರಾ? ಗೆಲ್ಲುತ್ತಿರುವ ತಂಡಕ್ಕೆ ಇವನು ಯಾಕೆ ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ, ನಾನಾಗಿದ್ದರೂ ಕೇಳುತ್ತಿದ್ದೆ. ಹುಟ್ಟು ಪೋಲೆಂಡಿನವನೊಬ್ಬ ಬೆಂಚಿಗೆ ಹೋದ ಹಾಗೇ ಆಯಿತಲ್ಲ.

2019ರ ಜುಲೈ ಕೊನೆಯಲ್ಲಿ ಒಪೋಲೆ ಊರಿನಲ್ಲಿ ನೆದರ್‌ಲ್ಯಾಂಡ್ಸ್ ಎದುರಿನ ಸ್ನೇಹಪಂದ್ಯದಲ್ಲಿ ಮೊದಲ ಸಲ ಪೋಲೆಂಡಿನ ಬಿಳಿ-ಕೆಂಪು ಜೆರ್ಸಿ ಹಾಕಿದ. ಅದೇ ವರ್ಷ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು, ಜಪಾನಿನ ವರ್ಲ್ಡ್ ಕಪ್‌ನಲ್ಲಿ ಬೆಳ್ಳಿ. ಚೆನ್ನಾಗೇ ಇತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮಾತ್ರ ಕ್ವಾರ್ಟರ್ ಫೈನಲ್‌ನಲ್ಲೇ ಫ್ರಾನ್ಸ್ ಎದುರು ಐದು ಸೆಟ್ ಆಡಿ ಹೊರಬಿದ್ದರು. 2022ರ ವಿಶ್ವ ಚಾಂಪಿಯನ್‌ಷಿಪ್‌ಗೆ ಮಂಡಿ ಕೈಕೊಟ್ಟಿತು, ಅವನಿಲ್ಲದೆಯೇ ತಂಡ ಫೈನಲ್‌ಗೆ ಹೋಯಿತು. ಆಗ ನನಗೆ ಕಥೆ ಮುಗಿಯಿತು ಅನಿಸಿತ್ತು.

ಮುಗಿಯಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ರೋಮ್‌ನಲ್ಲಿ ಇಟಲಿಯನ್ನು ಅವರ ಮನೆಯಲ್ಲೇ 3-0 ಹೊಡೆದು ಪೋಲೆಂಡ್ ಯುರೋಪಿಯನ್ ಚಾಂಪಿಯನ್ ಆಯಿತು, 2009ರ ನಂತರ ಮೊದಲ ಸಲ. ಟೂರ್ನಿಯ ಶ್ರೇಷ್ಠ ಆಟಗಾರ ಲಿಯೋನ್. ಅದೇ ವರ್ಷ ಡಿಸೆಂಬರ್‌ನಲ್ಲಿ ಅವನ ಅಂದಿನ ಕ್ಲಬ್ ಪೆರೂಜಾ ನಮ್ಮ ಬೆಂಗಳೂರಿನ ಕೋರಮಂಗಲ ಒಳಾಂಗಣ ಕ್ರೀಡಾಂಗಣದಲ್ಲಿ ಕ್ಲಬ್ ವಿಶ್ವ ಚಾಂಪಿಯನ್ ಪಟ್ಟ ಗೆದ್ದಿತು. ಆ ಟೂರ್ನಿ ಇಲ್ಲಿ ನಡೆಯಿತು ಎನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅಂಥದ್ದರಲ್ಲಿ ಜೆರ್ಸಿ ಮಾರುವವರನ್ನು ಬೈದು ಏನು ಪ್ರಯೋಜನ.

ಇನ್ನು ಒಲಿಂಪಿಕ್ ಚಿನ್ನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸೆಮಿಫೈನಲ್ ನೋಡಿದವರು ಮರೆಯುವುದಿಲ್ಲ. ಅಮೆರಿಕ ಎದುರು 1-2 ಹಿಂದೆ, ಮೂರನೇ ಸೆಟ್‌ನಲ್ಲಿ ಬರೀ 14 ಪಾಯಿಂಟ್, ಆಟಗಾರರು ಒಬ್ಬೊಬ್ಬರಾಗಿ ಗಾಯ ಮಾಡಿಕೊಂಡು ಕುಂಟುತ್ತಿದ್ದಾರೆ. ಅಲ್ಲಿಂದ 3-2 ಗೆದ್ದರು. ಆವತ್ತು ಲಿಯೋನ್ ಸರ್ವ್ ಲೈನಿಗೆ ಹೋದಾಗಲೆಲ್ಲ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು, ಎರಡು ಮೀಟರ್ ಮೀರಿದ ಆಳು ಚೆಂಡು ಎಸೆದು, ಓಡಿ ಬಂದು, ಗಂಟೆಗೆ 130 ಕಿಲೋಮೀಟರ್ ದಾಟುವ ಹಾಗೆ ಬಾರಿಸಿದರೆ ಇನ್ನೇನು ಮಾಡುತ್ತಾರೆ. ಫೈನಲ್‌ನಲ್ಲಿ ಮತ್ತೆ ಅದೇ ಫ್ರಾನ್ಸ್, 0-3. ಬೆಳ್ಳಿ. ಆದರೂ 1976ರ ನಂತರ ಪೋಲೆಂಡಿಗೆ ವಾಲಿಬಾಲ್‌ನಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. 2025ರಲ್ಲಿ ನೇಷನ್ಸ್ ಲೀಗ್ ಚಿನ್ನ ಬಂತು, ಫಿಲಿಪ್ಪೀನ್ಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಹಾಗಾಗಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವನ ಹತ್ತಿರ ಎರಡು ದೇಶದ ಎರಡು ಪದಕ ಇವೆ, ಚಿನ್ನ ಇಲ್ಲ. ಎರಡು ದೇಶಕ್ಕೆ ಆಡಿ ಎರಡಕ್ಕೂ ವಿಶ್ವ ಪದಕ ತಂದುಕೊಟ್ಟವನು ಎಂದು ಬರೆದರೆ ಜೆರ್ಸಿ ಇನ್ನೂ ಜಾಸ್ತಿ ಖರ್ಚಾಗುತ್ತಿತ್ತು, ನಿಜವೂ ಆಗಿರುತ್ತಿತ್ತು.

ಇದನ್ನೇ ಅಂಗಡಿಯವರಿಗೆ ವಾಟ್ಸಾಪ್ ಮಾಡಿದೆ. "ಸರ್, ಸೈಜ್ ಎಕ್ಸ್‌ಚೇಂಜ್ ಬೇಕಾ?" ಎಂದು ಉತ್ತರ ಬಂತು. ಹೌದು, ಅದೂ ಬೇಕಿತ್ತು. ಎಕ್ಸ್‌ಚೇಂಜ್ ವಿಷಯದಲ್ಲಿ ಮಾತ್ರ ಇವರನ್ನು ಹೊಗಳಲೇಬೇಕು, ತಕರಾರು ಮಾಡದೆ ಬದಲಿಸಿ ಕಳಿಸಿದರು, ಕೊರಿಯರ್ ದುಡ್ಡೂ ಕೇಳಲಿಲ್ಲ. ಪೇಜಿನ ಬರಹ ಮಾತ್ರ ಇವತ್ತಿಗೂ ಹಾಗೇ ಇದೆ.

ತಗೊಳ್ಳುವವರಿಗೆ: ಬಿಳಿಯದ್ದನ್ನೇ ತಗೊಳ್ಳಿ, ಕೆಂಪಿನದರಲ್ಲಿ ನಂಬರಿನ ಬಿಳಿ ಬಣ್ಣ ಮಂಕಾಗಿದೆ. ನೀವು ಎಲ್ ಹಾಕುವವರಾದರೆ ಎಕ್ಸೆಲ್ ಆರ್ಡರ್ ಮಾಡಿ. ಲಾಂಛನದ ಅಂಚಿಗೆ ಟೈಲರ್ ಹತ್ತಿರ ಒಂದು ಸುತ್ತು ಹೊಲಿಗೆ ಹಾಕಿಸಿ, ಇಲ್ಲದಿದ್ದರೆ ವಾಷಿಂಗ್ ಮೆಷಿನ್‌ನಲ್ಲಿ ಹದ್ದು ಹಾರಿಹೋಗುತ್ತದೆ. ಲಿಯೋನ್ 2024ರಿಂದ ಪೋಲೆಂಡಿನದೇ ಲುಬ್ಲಿನ್ ಕ್ಲಬ್‌ಗೆ ಆಡುತ್ತಿದ್ದಾನೆ, ಬಂದ ಮೊದಲ ಸೀಸನ್‌ನಲ್ಲೇ ಆ ತಂಡ ದೇಶದ ಲೀಗ್ ಗೆದ್ದಿತು. ಅದರ ಜೆರ್ಸಿ ಇದೆಯಾ ಎಂದೂ ಕೇಳಿದ್ದೇನೆ, ಫೋಟೊ ಕಳಿಸಿದರೆ ಮಾಡಿಕೊಡುತ್ತಾರಂತೆ.