ಏಳು ಮಳೆಗಾಲ, ಒಂದು ಬೋಲ್ಟ್: ನನ್ನ 9.9 ಔಟ್‌ಬೋರ್ಡ್

ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸುವ ಇಂಜಿನ್; ನನ್ನದು 9.9 ಅಶ್ವಶಕ್ತಿಯದು. ಅದರ ತೂಕ, ಸಿಲಿಂಡರ್ ಲೆಕ್ಕ ಎಲ್ಲ ಕ್ಯಾಟಲಾಗಿನಲ್ಲಿದೆ. ನಾನು ಬರೆಯಲು ಕೂತದ್ದು ಒಂದು ಬೋಲ್ಟಿನ ಮೇಲಿನ ಸಿಟ್ಟಿಗೆ. ಆದರೆ ಏಳು ವರ್ಷ ಸಾಕಿದ ಇಂಜಿನ್, ಮೊದಲೇ ಬೈಯಲು ಮನಸ್ಸಾಗುವುದಿಲ್ಲ.

ಕುಂದಾಪುರದ ಕೋಡಿಯಲ್ಲಿ ನಮ್ಮದೊಂದು ನಾಡದೋಣಿ. ರಜೆ ಸಿಕ್ಕಾಗ ದೊಡ್ಡಪ್ಪನ ಜೊತೆ ಅಳಿವೆಯಲ್ಲಿ ಬಲೆ ಬಿಡುತ್ತೇನೆ. 2018ರಲ್ಲಿ ಈ ಟೂ-ಸ್ಟ್ರೋಕ್ ಸೀಮೆಎಣ್ಣೆ ಇಂಜಿನ್ನನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. 15 ಬಿಟ್ಟು 9.9 ಯಾಕೆ ಎಂದು ಘಟ್ಟದ ಮೇಲಿನ ಗೆಳೆಯರು ಕೇಳುವುದುಂಟು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 10 ಅಶ್ವಶಕ್ತಿಯೊಳಗಿನ ಮೋಟರ್ ಕಟ್ಟಿದ ನಾಡದೋಣಿಗೆ ವಿನಾಯಿತಿ. ನಮ್ಮ ಮನೆಯ ಮಳೆಗಾಲದ ಮೀನುಸಾರು ನಿಂತಿರುವುದೇ ಆ ಲೆಕ್ಕದ ಮೇಲೆ.

ಸೀಮೆಎಣ್ಣೆ ಇಂಜಿನ್ನಿಗೆ ಒಂದು ನಡೆ ಇದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಬೇಕು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು, ದಡ ಮುಟ್ಟುವ ಐದು ನಿಮಿಷ ಮೊದಲು ಮತ್ತೆ ಪೆಟ್ರೋಲಿಗೆ ಬರಬೇಕು. ಮರೆತರೆ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿಯುತ್ತದೆ; ಮರುದಿನ ಬೆಳಿಗ್ಗೆ ಹಗ್ಗ ಎಳೆದೂ ಎಳೆದೂ ಭುಜ ಕಳಚಬೇಕು. ಒಮ್ಮೆ ಮರೆತಿದ್ದೆ. ಆಮೇಲೆ ಮರೆತಿಲ್ಲ.

ನನಗೆ ಇಷ್ಟದ ಹೊತ್ತು ಬರುವುದು ದಡ ಮುಟ್ಟಿ ಮನೆಗೆ ಬಂದ ಮೇಲೆ. ಅಂಗಳದಲ್ಲಿ ಅರ್ಧ ಕೊಯ್ದ ನೀಲಿ ಡ್ರಮ್ಮಿದೆ, ಅದರ ಮೇಲೆ ಮರದ ಸ್ಟ್ಯಾಂಡು. ಇಂಜಿನ್ ಹೊತ್ತು ತಂದು ಅದಕ್ಕೆ ಕಚ್ಚಿಸಿ, ಬಾವಿಯ ಸಿಹಿನೀರು ತುಂಬಿ, ನ್ಯೂಟ್ರಲ್ಲಿನಲ್ಲಿ ನಿಧಾನಕ್ಕೆ ಹತ್ತು ನಿಮಿಷ ಓಡಿಸುತ್ತೇನೆ. ಒಳಗಿನ ಉಪ್ಪು ತೊಳೆದು ಹೋಗಬೇಕು. ಇಂಜಿನ್ನಿನ ಹಿಂಬದಿಯ ಸಣ್ಣ ತೂತಿನಿಂದ ಸೊಂಯ್ ಎಂದು ನೀರು ಬರುತ್ತದೆ. ಮಕ್ಕಳು ಅದಕ್ಕೆ ಇಂಜಿನ್ ಉಚ್ಚೆ ಹೊಯ್ಯುತ್ತಿದೆ ಎನ್ನುತ್ತಾರೆ. ನಾನು ಬೆರಳು ಹಿಡಿಯುತ್ತೇನೆ. ಮೊದಲು ತಣ್ಣಗೆ, ಆಮೇಲೆ ಬೆಚ್ಚಗೆ. ಅಲ್ಲೇ ನಿಂತರೆ ಒಳಗೆ ಎಲ್ಲ ಸರಿ. ಕೊನೆಗೆ ಎಣ್ಣೆಯ ಪೈಪ್ ಕಿತ್ತು, ತಾನಾಗಿಯೇ ಕೆಮ್ಮಿ ನಿಲ್ಲುವವರೆಗೆ ಕಾಯುವುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಾವಿಯ ನೀರೇ ಸ್ವಲ್ಪ ಉಪ್ಪಾಗುತ್ತದೆ, ಆಗ ನಲ್ಲಿ ನೀರೇ ಗತಿ. ಅಮ್ಮ ಪ್ರತಿ ಸಲ ಹೇಳುತ್ತಾರೆ: "ಮನ್ಷರಿಗೆ ಕುಡೂಕೆ ನೀರಿಲ್ಲ, ನಿನ್ನ ಇಂಜಿನ್ ಮೀಸೂದಾ?"

ಇಲ್ಲಿಯವರೆಗೆ ಕೇಳಿದ್ದರೆ ಐದರಲ್ಲಿ ನಾಲ್ಕೂವರೆ ಕೊಡುತ್ತಿದ್ದೆ.

ಮೂರನೆಯ ವರ್ಷ ಆ ನೀರು ಸಪೂರವಾಗತೊಡಗಿತು. ತೂತಿಗೆ ಉಪ್ಪು ಕಟ್ಟಿರಬಹುದೆಂದು ತಂಗೂಸಿನ (ನೈಲಾನ್ ದಾರದ) ತುಂಡು ತೂರಿಸಿ ನೋಡಿದೆ. ಅದಲ್ಲ. "ರಬ್ಬರ್ ಹೋಯಿತ್ ಕಾಣ್" ಎಂದರು ದೊಡ್ಡಪ್ಪ. ಇಂಜಿನ್ನಿನ ಕಾಲಿನ ಒಳಗೆ, ಅದನ್ನು ತಣ್ಣಗಿಡಲು ನೀರು ಎತ್ತುವ ಪಂಪಿದೆ, ಅದರಲ್ಲಿ ಆರು ರೆಕ್ಕೆಯ ರಬ್ಬರ್ ಇಂಪೆಲ್ಲರ್. ಅಳಿವೆಯ ಮರಳು ಅದನ್ನು ತಿನ್ನುತ್ತದೆ; ನೀರಿಲ್ಲದೆ ಸ್ವಲ್ಪ ಹೊತ್ತು ಓಡಿದರೂ ಸುಟ್ಟು ಹೋಗುತ್ತದೆ. ನಾಲ್ಕು ಬೋಲ್ಟ್ ಬಿಚ್ಚಿ, ಗೇರ್ ರಾಡ್ ಕಳಚಿ, ಕೆಳಗಿನ ಭಾಗ ಇಳಿಸಿದರೆ ಪಂಪ್ ಕೈಗೆ ಸಿಗುತ್ತದೆ. ವಿಡಿಯೋಗಳಲ್ಲಿ ಇದು ಅರ್ಧ ಗಂಟೆಯ ಕೆಲಸ.

ನನಗೆ ನಾಲ್ಕು ದಿನ ಹಿಡಿಯಿತು. ಎರಡು ಬೋಲ್ಟ್ ಬಂದವು. ಮೂರನೆಯದು ಕಿರ್ ಎಂದು ಸಡಿಲಾಯಿತು. ನಾಲ್ಕನೆಯದು ಅಲ್ಲಾಡಲೇ ಇಲ್ಲ. ಬೋಲ್ಟ್ ಸ್ಟೀಲು, ಮೈ ಅಲ್ಯೂಮಿನಿಯಂ, ನಡುವೆ ಉಪ್ಪುನೀರು: ಬ್ಯಾಟರಿಯ ಹಾಗೆಯೇ. ಅಲ್ಯೂಮಿನಿಯಂ ಕರಗಿ ಸುಣ್ಣದಂಥ ಬಿಳಿ ಪುಡಿಯಾಗಿ ಉಬ್ಬುತ್ತದೆ, ತ್ರೆಡ್ಡನ್ನು ಕಚ್ಚಿ ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ, ರಾತ್ರಿಯಿಡೀ ಡೀಸೆಲ್ ಸುರಿದಿಟ್ಟೆ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ. ಮೂರನೆಯ ದಿನ ತಾಳ್ಮೆ ತಪ್ಪಿ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಒತ್ತಿದೆ. ತಕ್. ಬೋಲ್ಟಿನ ತಲೆ ಅಂಗಳದಲ್ಲಿ ಉರುಳಿತು, ದೇಹ ಒಳಗೇ ಉಳಿಯಿತು. ಮೊದಲೇ ಬಿಸಿ ಮಾಡಬೇಕಿತ್ತು. ಅಲ್ಯೂಮಿನಿಯಂ ಸ್ಟೀಲಿಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸಡಿಲುತ್ತದೆ. ಆ ಬುದ್ಧಿ ಬಂದದ್ದು ತಲೆ ಮುರಿದ ಮೇಲೆ. ಯಾವುದರ ತಲೆ ಎಂದು ಕೇಳಬೇಡಿ.

ಲೇತ್ ಅಂಗಡಿಯವನು ಉಳಿದ ತುಂಡನ್ನು ಕೊರೆದು ತೆಗೆದು, ಸ್ಪ್ರಿಂಗಿನಂಥ ಹೊಸ ತ್ರೆಡ್ ಕೂರಿಸಿದ. ಇಂಪೆಲ್ಲರಿಗೆ ಕೊಟ್ಟದ್ದು 450 ರೂಪಾಯಿ, ಬೋಲ್ಟಿನ ಉಪಚಾರಕ್ಕೆ 1,200. ಬಿಚ್ಚಿದ ಬೋಲ್ಟುಗಳಲ್ಲಿ ಗ್ರೀಸಿನ ಗುರುತು ಒಂದು ಚುಕ್ಕೆಯೂ ಇರಲಿಲ್ಲ. ಕಂಪನಿಯವರು ಹಾಕಿರಲಿಲ್ಲವೋ, ಮೊದಲಿನ ಮಾಲೀಕ ಉಳಿಸಿದನೋ, ಯಾರನ್ನು ಬೈಯುವುದು? ಇಬ್ಬರನ್ನೂ ಬೈದೆ.

ಹಳೆಯ ಇಂಪೆಲ್ಲರಿನಲ್ಲಿ ರೆಕ್ಕೆ ಐದೇ ಇದ್ದವು. ಇದನ್ನು ಗಮನದಲ್ಲಿಡಿ: ಆರನೆಯದನ್ನು ಹುಡುಕದೆ ಹೊಸದು ಹಾಕಬೇಡಿ. ನಮ್ಮದು ಮೇಲೆ ಹೋಗುವ ನೀರಿನ ಕೊಳವೆಯಲ್ಲಿ, ಹುಣಸೆಬೀಜದಷ್ಟು ತುಂಡಾಗಿ ಸಿಕ್ಕಿಕೊಂಡಿತ್ತು. ಅಲ್ಲೇ ಬಿಟ್ಟಿದ್ದರೆ ಹೊಸ ಇಂಪೆಲ್ಲರಿದ್ದೂ ಇಂಜಿನ್ ಬೇಯುತ್ತಿತ್ತು. ಹೊಸದಕ್ಕೆ ಗ್ರೀಸ್ ಸವರಿ, ಶಾಫ್ಟನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತಾ ಮುಚ್ಚಳ ಇಳಿಸಿದೆ. ರೆಕ್ಕೆಗಳು ಒಂದೇ ಕಡೆ ಮಡಚಬೇಕು. ಅವತ್ತು ಸಂಜೆ ನೀರು ಡ್ರಮ್ ದಾಟಿ ಅಮ್ಮನ ಅಬ್ಬಲಿಗೆ ಗಿಡದ ಬುಡಕ್ಕೆ ಬಿತ್ತು.

ಈಗ ಪ್ರತಿ ಜೂನಿನಲ್ಲಿ, ಅಳಿವೆ ಬಾಯಿಯಲ್ಲಿ ತೆರೆ ಏಳುವ ದಿನಗಳಲ್ಲಿ, ಬೇಕಿರಲಿ ಬೇಡದಿರಲಿ ನಾಲ್ಕೂ ಬೋಲ್ಟ್ ಬಿಚ್ಚಿ, ಉಪ್ಪುನೀರಿಗೆ ತಡೆಯುವ ಗ್ರೀಸ್ ತುಂಬಿ ಮತ್ತೆ ಹಾಕುತ್ತೇನೆ. ಪಕ್ಕದ ಮನೆಯವರು ಫೋರ್-ಸ್ಟ್ರೋಕ್ ತಂದಿದ್ದಾರೆ. ಸದ್ದು ಕಡಿಮೆ, ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಇಲ್ಲ. ಹೊಟ್ಟೆಕಿಚ್ಚಾಗುತ್ತದೆ. ಆದರೆ ತಿಂಗಳಿಗೆ ನಾಲ್ಕಾರು ದಿನ ಮಾತ್ರ ದೋಣಿ ಇಳಿಸುವ ನನಗೆ ಅಷ್ಟು ಹಣ ಹಾಕುವುದು ಹೆಚ್ಚಾಯಿತು. ಅಂಗಳದಲ್ಲಿ ಕೂತು ನಾನೇ ಬಿಚ್ಚಿ ಜೋಡಿಸಬಹುದಾದ್ದು ಇದು. ಐದರಲ್ಲಿ ಮೂರೂವರೆ.

ಈ ಸಲ ನಾಲ್ಕೂ ಬೋಲ್ಟ್ ಒಂದೇ ಒತ್ತಿಗೆ ಬಂದವು. ಆದರೆ ಕೆಳಗಿನ ಸ್ಕ್ರೂ ತೆಗೆದಾಗ ಗೇರ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣದಲ್ಲಿ ಇಳಿಯಿತು. ಒಳಗೆ ನೀರು ಸೇರಿದೆ. ಫ್ಯಾನ್ (ಪ್ರೊಪೆಲ್ಲರ್) ಕಳಚಿ ನೋಡಿದರೆ ಶಾಫ್ಟಿಗೆ ಸುತ್ತಿಕೊಂಡ ತಂಗೂಸು, ನೀರು ಒಳಬರದಂತೆ ತಡೆಯುವ ಆಯಿಲ್ ಸೀಲನ್ನು ಕೊಯ್ದಿತ್ತು. ಹೊಸ ಸೀಲಿಗೆ ಹೇಳಿದ್ದೇನೆ. ಅದು ಬರುವವರೆಗೆ ಕಾಣೆ ಮೀನು ಪೇಟೆಯಿಂದಲೇ.